ಮೋಡದಕ್ಕನ ಇಂಟು ಗುರುತುಗಳು

ನಮ್ಮ ಕಚೇರಿಯಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ನಾರಿಗೂ ಬೇಕಾಗಿರಲಿಲ್ಲ. ದೊಡ್ಡ ಸಾಹೇಬರಿಂದ ಹಿಡಿದು ನೆಲ ಒರೆಸುವಾಕೆಯವರೆಗೆ ಎಲ್ಲರಿಗೂ ಅವರು ಮೋಡದಕ್ಕ. ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಮುಂದೆ ಕೂತು ಮೋಡ ಗುರುತಿಸಿದವರನ್ನು ಇನ್ನೇನೆಂದು ಕರೆಯುವುದು? ಆ ಮೇಜನ್ನು ಅವರಿಂದ ಕಿತ್ತುಕೊಂಡವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆಯಲ್ಲಿ ನನ್ನ ಪಾಲಿಗೆ ಬರುವ ಮರ್ಯಾದೆ ಬಹಳ ಕಡಿಮೆ. ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುವುದಕ್ಕಿಂತ ನಾನೇ ಹೇಳುವುದು ವಾಸಿ.

ನಮ್ಮದು ಉಪಗ್ರಹ ಕಳಿಸುವ ಚಿತ್ರಗಳನ್ನು ನೋಡಿ, ಭೂಮಿಯ ದಕ್ಷಿಣ ತುದಿಯ ಹಿಮದ ನೆಲ ಎಷ್ಟು ತಣ್ಣಗಿದೆ ಎಂದು ಅಳೆಯುವ ಕಚೇರಿ. ಅಲ್ಲಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದಿಲ್ಲ, ಮಾಮೂಲಿ ಕ್ಯಾಮೆರಾಕ್ಕೆ ಕತ್ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಆದರೆ ಎಂಥ ತಣ್ಣನೆಯ ವಸ್ತುವಾದರೂ ತನ್ನಲ್ಲಿರುವ ಚೂರುಪಾರು ಶಾಖವನ್ನು ಹೊರಗೆ ಸೂಸುತ್ತಲೇ ಇರುತ್ತದೆ. ಕಣ್ಣಿಗೆ ಕಾಣದ ಆ ಅವಗೆಂಪು ಕಿರಣವನ್ನು ಉಪಗ್ರಹ ಮೇಲಿನಿಂದ ಹಿಡಿಯುತ್ತದೆ. ತಣ್ಣಗಿರುವುದು ಚಿತ್ರದಲ್ಲಿ ಬೆಳ್ಳಗೆ, ಬೆಚ್ಚಗಿರುವುದು ಕಪ್ಪಗೆ. ಎಷ್ಟು ಬಿಳಿ ಎಂದು ನೋಡಿದರೆ ಎಷ್ಟು ಚಳಿ ಎಂದು ತಿಳಿಯುತ್ತದೆ. ತೊಂದರೆ ಒಂದೇ: ನಡುವೆ ಮೋಡ ಬಂದರೆ ನಾವು ಅಳೆಯುವುದು ಮೋಡದ ಚಳಿ, ನೆಲದ್ದಲ್ಲ. ಆದ್ದರಿಂದ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಮೊದಲು ಮೋಡಗಳನ್ನು ಆರಿಸಿ ತೆಗೆಯಬೇಕು.

ಆ ಕೆಲಸ ಮೋಡದಕ್ಕನದು. ಒಂಬತ್ತಕ್ಕೆ ಬಂದು, ಚಪ್ಪಲಿಯನ್ನು ಮೇಜಿನ ಕೆಳಗೆ ಬಿಟ್ಟು, ಫ್ಲಾಸ್ಕಿನಿಂದ ಅರ್ಧ ಲೋಟ ಬಿಸಿನೀರು ಕುಡಿದು, ಚಿತ್ರದ ಮೇಲೆ ಪಾರದರ್ಶಕ ಹಾಳೆ ಹರಡಿ ಕ್ಲಿಪ್ ಹಾಕುವರು. ಮೋಡಕ್ಕೆ ಪೆನ್ಸಿಲಿನಿಂದ ಒಂದು ಸುತ್ತು. ಮೋಡದ ಹಾಗೆ ಕಂಡರೂ ಅದು ನೆಲವೇ ಎಂದು ಖಾತ್ರಿಯಾದ ಕಡೆ ಒಂದು ಇಂಟು ಗುರುತು. ಇವತ್ತಿನ ಚಿತ್ರವೊಂದನ್ನೇ ನೋಡುವ ಅಭ್ಯಾಸ ಅವರಿಗಿರಲಿಲ್ಲ. ನಿನ್ನೆಯದನ್ನೂ ಮೊನ್ನೆಯದನ್ನೂ ಜೊತೆಗಿಟ್ಟುಕೊಂಡು, ಮೂಲೆ ಹಿಡಿದು ಮೂರನ್ನೂ ಪಟಪಟನೆ ಮಗುಚುವರು.

"ಮೋಡ ಕೂತಲ್ಲಿ ಕೂರೋ ಜಾತಿ ಅಲ್ಲ ತಮ್ಮಾ," ಎನ್ನುತ್ತಿದ್ದರು. "ಅದಕ್ಕೆ ಮನೆ ಮಠ ಇಲ್ಲ. ಮೂರು ದಿನ ಒಂದೇ ಕಡೆ ಬಿದ್ದಿದ್ರೆ ಅದು ನೆಲ."

ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಮೂವತ್ತು ದಾಟಿರಲಿಲ್ಲ, ಕೊಬ್ಬು ಇಳಿದಿರಲಿಲ್ಲ. ಮೋಡಗಳನ್ನು ತಾನೇ ಆರಿಸುವ ಒಂದು ಪ್ರೋಗ್ರಾಮ್ ಬರೆದೆ. ಅದರ ಜೀವಾಳವೆಲ್ಲ ಒಂದೇ ಸಾಲು: ಸುತ್ತಲಿನ ನೆಲಕ್ಕಿಂತ ಇಂತಿಷ್ಟು ಡಿಗ್ರಿ ಹೆಚ್ಚು ತಣ್ಣಗಿದ್ದರೆ ಅದು ಮೋಡ. ಮೋಡ ಎತ್ತರದಲ್ಲಿರುತ್ತದೆ, ಎತ್ತರಕ್ಕೆ ಹೋದಷ್ಟೂ ಚಳಿ ಜಾಸ್ತಿ. ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಅಕ್ಕ ಮೂರು ತಿಂಗಳು ತೆಗೆದುಕೊಂಡ ಕೆಲಸವನ್ನು ನನ್ನ ಪ್ರೋಗ್ರಾಮ್ ಒಂದು ಮಧ್ಯಾಹ್ನದಲ್ಲಿ ಮುಗಿಸಿತು. ನೂರು ಹಾಳೆಗಳಲ್ಲಿ ತೊಂಬತ್ತೇಳರಲ್ಲಿ ಇಬ್ಬರ ಉತ್ತರವೂ ಒಂದೇ. ಉಳಿದ ಮೂರರಲ್ಲಿ, ಹಿಮದ ಎತ್ತರದ ಬಯಲಿನ ನಟ್ಟನಡುವೆ, ಸಾಸಿವೆ ಚೆಲ್ಲಿದ ಹಾಗೆ ಕೆಲವು ಅಚ್ಚ ಬಿಳಿ ಚುಕ್ಕೆಗಳು. ಪ್ರೋಗ್ರಾಮ್ ಅವನ್ನು ಮೋಡ ಎಂದಿತ್ತು. ಅಕ್ಕ ಇಂಟು ಹಾಕಿದ್ದರು.

"ಈ ಚುಕ್ಕೆ ಹೋದ ವರ್ಷಾನೂ ಇಲ್ಲೇ ಇತ್ತು," ಎಂದರು ಅಕ್ಕ, ದೊಡ್ಡ ಸಾಹೇಬರ ಮೇಜಿನ ಮೇಲೆ ಹಾಳೆ ಹರಡಿ.

"ಅಕ್ಕಾ, ಅದು ಸುತ್ತಲಿನ ನೆಲಕ್ಕಿಂತ ಎಂಟು ಡಿಗ್ರಿ ಕೆಳಗಿದೆ. ಸೊನ್ನೆಗಿಂತ ತೊಂಬತ್ತೈದು ಕೆಳಗೆ. ಅಂಥ ಚಳಿ ನೆಲ ಭೂಮಿ ಮೇಲೆ ಎಲ್ಲೂ ಇಲ್ಲ."

"ಇಲ್ಲ ಅಂತ ಹೇಳಿದ್ದು ಯಾರು? ಅಲ್ಲಿಗೆ ಹೋಗಿ ಅಳೆದವರು ಯಾರು?"

"ಅಳೆಯೋದು ಯಾಕೆ? ಲೆಕ್ಕ ಹೇಳ್ತಿದೆಯಲ್ಲ."

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ದೊಡ್ಡ ಸಾಹೇಬರು ಕನ್ನಡಕ ಹಣೆಗೇರಿಸಿ ಇಬ್ಬರನ್ನೂ ನೋಡಿದರು. ಅವರು ಕೆಟ್ಟವರಲ್ಲ, ಆದರೆ ಮಧ್ಯಾಹ್ನದಲ್ಲಿ ಮುಗಿಯುವ ಕೆಲಸದ ಮುಂದೆ ಮೂರು ತಿಂಗಳ ಕೆಲಸ ಯಾರಿಗೆ ಬೇಕು? ಅಕ್ಕನನ್ನು ದಾಖಲೆ ಕೋಣೆಗೆ ಹಾಕಿದರು. ಜೊತೆಗೆ ಇನ್ನೊಂದು ಆದೇಶ: ಬರುವ ಚಳಿಗಾಲ ಮುಗಿದ ಮೇಲೆ ಹಿಂದಿನ ಇಪ್ಪತ್ತೆರಡು ವರ್ಷದ ಹಾಳೆಗಳನ್ನೂ ಪ್ರೋಗ್ರಾಮ್‌ಗೆ ಹಾಕಿ ತಿದ್ದುವುದು, ಎಲ್ಲೆಲ್ಲಿ ಹೊಂದುವುದಿಲ್ಲವೋ ಅಲ್ಲೆಲ್ಲ ಅಕ್ಕನ ಗುರುತನ್ನು ಅಳಿಸುವುದು. ಹತ್ತಿರಹತ್ತಿರ ಹನ್ನೆರಡು ಸಾವಿರ ಹಾಳೆ. ಪ್ರತಿ ಚಳಿಗಾಲದ ಕೆಲವು ಹಾಳೆಗಳಲ್ಲೂ ಆ ಚುಕ್ಕೆಗಳಿದ್ದವು, ಚುಕ್ಕೆಗಳ ಮೇಲೆ ಇಂಟುಗಳಿದ್ದವು.

ಅಕ್ಕ ಫ್ಲಾಸ್ಕನ್ನೂ ಪೆನ್ಸಿಲ್ ಡಬ್ಬಿಯನ್ನೂ ಎತ್ತಿಕೊಂಡರು. ಬಾಗಿಲವರೆಗೆ ಹೋಗಿ, ತಿರುಗಿ ಬಂದು, ಮೇಜಿನ ಕೆಳಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡರು. ನನಗೆ ಆಗ ಕನಿಕರವಾಗಲಿಲ್ಲ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಮೇಜು ಕಿಟಕಿಯ ಪಕ್ಕ ಇತ್ತು, ಗಾಳಿ ಚೆನ್ನಾಗಿ ಬರುತ್ತಿತ್ತು. ನಾನು ಖುಷಿಯಾಗಿ ಕೂತೆ.

ಅದಾಗಿ ತಿಂಗಳಿಗೆ ನಮ್ಮ ಮನೆಯ ಫ್ರಿಜ್ ಕೆಟ್ಟಿತು. ವಿಚಾರಿಸಿದರೆ ಎಲ್ಲರೂ ಒಬ್ಬನೇ ಮೆಕ್ಯಾನಿಕ್ಕಿನ ಅಂಗಡಿಗೆ ಕಳಿಸಿದರು. ಹೋಗಿ ನೋಡಿದರೆ ಅದು ಮೋಡದಕ್ಕನ ಮನೆ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ, ಮೆಕ್ಯಾನಿಕ್ ಅವರ ಯಜಮಾನರು. ಒಳಬಾಗಿಲ ಹೊಸ್ತಿಲ ಮೇಲೆ ಅವರ ಅತ್ತೆ ಕಾಳು ಬಿಡಿಸುತ್ತ ಕೂತಿದ್ದರು. ನಾನು ಯಾವ ಕಚೇರಿ ಎಂದು ಬಾಯಿತಪ್ಪಿ ಹೇಳಿಬಿಟ್ಟೆ.

"ಓಹೋ, ನನ್ನ ಸೊಸೆ ಕುರ್ಚಿ ಕಸಿದುಕೊಂಡ ಪುಣ್ಯಾತ್ಮ ನೀನೇನಾ?" ಎಂದರು ಅಜ್ಜಿ. "ಬಾ ಬಾ, ಕೂತ್ಕೋ. ಕುರ್ಚಿ ಮೇಲೇ ಕೂತ್ಕೋ, ನಿಂಗೆ ಅಭ್ಯಾಸ ಇದೆಯಲ್ಲ."

"ಅಮ್ಮಾ, ಸುಮ್ನಿರಮ್ಮ," ಎಂದು ಯಜಮಾನರು ನಕ್ಕರು. ಅವರು ನೆಲದ ಮೇಲೆ ಕೂತು ಐಸ್‌ಕ್ರೀಮ್ ಅಂಗಡಿಯ ಉದ್ದನೆಯ ಫ್ರೀಜರೊಂದನ್ನು ರಿಪೇರಿ ಮಾಡುತ್ತಿದ್ದರು, ಮುಚ್ಚಳ ಮೇಲಕ್ಕೆ ತೆರೆಯುವಂಥದ್ದು. ಮುಚ್ಚಳ ಹಾರುಹೊಡೆದಿತ್ತು, ಯಂತ್ರ ಓಡುತ್ತಿತ್ತು. ಸುಮ್ಮನಿರಲಾರದೆ ನಾನು, "ಮುಚ್ಚಳ ತೆಗೆದಿಟ್ರೆ ಚಳಿಯೆಲ್ಲ ಹೋಗಿಬಿಡಲ್ವಾ?" ಎಂದೆ.

"ಎಲ್ಲಿಗೆ ಹೋಗುತ್ತೆ ಸಾರ್? ನಿಂತ್ಕೊಂಡಿರೋ ಫ್ರಿಜ್ಜಿನ ಬಾಗಿಲು ತೆಗೆದ್ರೆ ಚಳಿ ಕಾಲ ಮೇಲೆ ಸುರಿದುಹೋಗುತ್ತೆ. ಇದು ತೊಟ್ಟಿ. ತಣ್ಣಗಿನ ಗಾಳಿಗೆ ತೂಕ ಜಾಸ್ತಿ, ತಳ ಹಿಡ್ಕೊಂಡು ಕೂತಿರುತ್ತೆ. ಕೈ ಇಳಿಸಿ ನೋಡಿ."

ಕೈ ಇಳಿಸಿದೆ. ಅಂಚಿನಲ್ಲಿ ಏನೂ ಇಲ್ಲ. ಮೊಣಕೈವರೆಗೆ ಇಳಿದಾಗ ತಣ್ಣಗೆ. ಬೆರಳ ತುದಿ ತಳ ಮುಟ್ಟಿದಾಗ ಕೈ ಸುಟ್ಟಂತಾಗಿ ಹಿಂದಕ್ಕೆಳೆದುಕೊಂಡೆ. ಅಜ್ಜಿ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಎತ್ತರಕ್ಕೆ ಹೋದಷ್ಟೂ ಚಳಿ ಎಂದು ಬರೆದಿದ್ದ ನನ್ನ ಕೈ, ತಳಕ್ಕಿಳಿದಷ್ಟೂ ಚಳಿಯಾಗುವ ತೊಟ್ಟಿಯಿಂದ ಈಗತಾನೇ ಹೊರಗೆ ಬಂದಿತ್ತು. ತಿಂಗಳುಗಟ್ಟಲೆ ಸೂರ್ಯನಿಲ್ಲದ, ಗಾಳಿ ಆಡದ ಆ ಬಯಲಿನಲ್ಲಿ ಒಂದು ತಗ್ಗು ಇದ್ದರೆ? ಫ್ರಿಜ್ಜಿನ ವಿಷಯ ಮರೆತೇ ಎದ್ದು ಬಂದೆ.

ಮರುದಿನ ದಾಖಲೆ ಕೋಣೆಗೆ ಹೋದೆ. ಕಬ್ಬಿಣದ ಕಪಾಟುಗಳ ನಡುವೆ ಅಕ್ಕ ಒಂದು ಏಣಿಯ ಮೇಲೆ ಕೂತಿದ್ದರು. ದೊಡ್ಡ ಸಾಹೇಬರು ಅವರನ್ನು ಅಲ್ಲಿಗೆ ಕಳಿಸಿ ಶಿಕ್ಷೆ ಕೊಟ್ಟೆವೆಂದುಕೊಂಡಿದ್ದರು. ನಿಜವಾಗಿ ಬೆಕ್ಕನ್ನು ಹಾಲಿನ ಕೋಣೆಗೆ ಕೂಡಿದ್ದರು. ಇಪ್ಪತ್ತೆರಡು ಚಳಿಗಾಲದ ಚಿತ್ರಗಳೂ ಅಲ್ಲೇ ಇದ್ದವು, ಅಕ್ಕ ಒಂದೊಂದಾಗಿ ತೆಗೆದು ಜೋಡಿಸುತ್ತಿದ್ದರು.

"ಹತ್ತು ಚಳಿಗಾಲ, ಒಂದೊಂದರಿಂದ ಒಂದು ಹಾಳೆ," ಎಂದು ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಮೋಡದ ಸುತ್ತುಗಳೆಲ್ಲ ಬಿಚ್ಚಿಹೋದ ದಾರದುಂಡೆಯ ಹಾಗೆ ಕಲಸಿಕೊಂಡಿದ್ದವು. ನಡುವೆ ಹತ್ತು ಇಂಟುಗಳು ಸೇರಿ ಒಂದೇ ದಪ್ಪ ಇಂಟು.

ಹಾಳೆಗಳ ಮೂಲೆ ಸರಿಯಾಗಿ ಕೂತಿವೆಯೇ ಎಂದು ನೋಡಿದೆ, ಕೂತಿದ್ದವು. ಆದರೂ ಬಾಯಿ ಬಿಡಬೇಕಲ್ಲ. "ಗುರುತು ಹಾಕಿದ್ದು ನೀವೇ ಅಲ್ವಾ ಅಕ್ಕಾ? ನಿಮ್ಮ ಕೈ ಅಭ್ಯಾಸದ ಮೇಲೆ ಅಲ್ಲೇ ಹೋಗಿರಬಹುದು."

ಅಕ್ಕನಿಗೆ ಸಿಟ್ಟು ಬಂತು. ಇಪ್ಪತ್ತೆರಡು ವರ್ಷದಲ್ಲಿ ಅವರು ಸಿಟ್ಟಾಗಿದ್ದನ್ನು ಕಂಡವರಿಲ್ಲವಂತೆ, ಆ ಭಾಗ್ಯ ನನ್ನದು. ಬರಿಯ ಚಿತ್ರಗಳ ಹತ್ತು ಹಾಳೆ ತೆಗೆದು, ಗುರುತಿಲ್ಲದ ಹೊಸ ಪಾರದರ್ಶಕಗಳ ಜೊತೆ ನನ್ನ ಮುಂದೆ ಬಡಿದರು. "ಹಾಗಾದ್ರೆ ನೀನೇ ಹಾಕು. ಎಲ್ಲಕ್ಕಿಂತ ಅಚ್ಚ ಬಿಳಿ ಎಲ್ಲಿದೆಯೋ ಅಲ್ಲೊಂದು ಹಾಕು. ನಾನು ಆಚೆ ಹೋಗ್ತೀನಿ, ನೋಡೋದೂ ಇಲ್ಲ."

ಒಂದೂವರೆ ಗಂಟೆ ಕೂತು ಹಾಕಿದೆ. ಸುಳ್ಳು ಮಾಡಬೇಕೆಂಬ ಆಸೆಯಿಂದಲೇ ಹಾಕಿದೆ. ಹತ್ತನ್ನೂ ಜೋಡಿಸಿ ಕಿಟಕಿಗೆ ಹಿಡಿದರೆ, ನನ್ನ ಕೈಯಿಂದ ಬಿದ್ದ ಹತ್ತು ಇಂಟುಗಳೂ ಒಂದರ ಮೇಲೊಂದು ಕೂತಿದ್ದವು. ಹತ್ತು ವರ್ಷ ಒಂದೇ ಜಾಗದಲ್ಲಿ ನಿಲ್ಲುವ ಮೋಡ ಯಾವ ಪುಸ್ತಕದಲ್ಲಿದೆ? ಅಕ್ಕ ಒಳಗೆ ಬಂದು ನನ್ನ ಮುಖ ನೋಡಿದರು, ಹಾಳೆ ನೋಡಲಿಲ್ಲ. ಒಂದು ಲೋಟ ಬಿಸಿನೀರು ಬಗ್ಗಿಸಿ ನನ್ನ ಮುಂದಿಟ್ಟರು.

ಇಬ್ಬರೂ ಹಾಳೆ ಹೊತ್ತು ದೊಡ್ಡ ಸಾಹೇಬರಲ್ಲಿಗೆ ಹೋದೆವು. ಅವರು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದರು. "ಹಾಳೆ ಥರ್ಮಾಮೀಟರ್ ಅಲ್ಲಮ್ಮ," ಎಂದರು. "ಅಲ್ಲಿ ಬೇಸಿಗೆ ಬಂದಾಗ ಒಂದು ತಂಡ ಆ ಬಯಲಿಗೆ ಹೋಗುತ್ತೆ. ಅಳೆಯೋ ಕಂಬ ಒಂದು ಕೊಡಿಸ್ತೀನಿ. ಅದು ಚಳಿಗಾಲ ಪೂರ್ತಿ ತಾನಾಗೇ ಅಳೆದು ಸುದ್ದಿ ಕಳಿಸುತ್ತೆ. ಎಲ್ಲಿ ನೆಡಬೇಕು, ಎಷ್ಟು ತೋರಿಸಬೇಕು, ಮೊದಲೇ ಬರೆದು ಸಹಿ ಹಾಕಿಕೊಡಿ. ಹೊಂದಿದ್ರೆ ನಿಮ್ಮ ಗುರುತು ಉಳಿಯುತ್ತೆ. ಹೊಂದದಿದ್ರೆ ಆದೇಶ ಇದ್ದ ಹಾಗೇ ನಡೆಯುತ್ತೆ."

ಅಕ್ಕ ನಿಂತಲ್ಲೇ ಬರೆದರು. ಜಾಗದ ಅಂಕಿ. ಅದರ ಕೆಳಗೆ: ಸೊನ್ನೆಗಿಂತ ತೊಂಬತ್ತೈದು ಡಿಗ್ರಿ ಕೆಳಗೆ, ಒಂದು ಡಿಗ್ರಿ ಆಚೆ ಈಚೆ. ಸಹಿ.

"ಒಂದು ಮೂರು ಡಿಗ್ರಿ ಆಚೆ ಈಚೆ ಅಂತ ಬರೀರಿ ಅಕ್ಕಾ, ಕೈ ಕಾಲಾಡಿಸೋಕೆ ಜಾಗ ಇರಲಿ," ಎಂದು ಪಿಸುಗುಟ್ಟಿದೆ. ಆ ಹೊತ್ತಿಗೆ ನಾನು ಯಾರ ಪಕ್ಷ ಎಂಬುದು ನನಗೇ ಗೊಂದಲ. ಅವರು ತಿದ್ದಲಿಲ್ಲ.

ಬೇಸಿಗೆಯಲ್ಲಿ ತಂಡದ ಮುಖ್ಯಸ್ಥನಿಂದ ಸಂದೇಶ ಬಂತು: "ನೀವು ಹೇಳಿದ ಜಾಗದಲ್ಲಿ ನಿಂತಿದ್ದೇವೆ. ತಗ್ಗೂ ಇಲ್ಲ ಗಿಗ್ಗೂ ಇಲ್ಲ, ಊಟದ ತಟ್ಟೆಯ ಹಾಗೆ ಸಮ. ಅರ್ಧ ಗಂಟೆಯ ದಾರಿಯಲ್ಲಿ ಒಳ್ಳೆ ಗಟ್ಟಿ ಹಿಮವಿದೆ, ಅಲ್ಲಿ ನೆಡಲೇ?" ದೊಡ್ಡ ಸಾಹೇಬರು ಹೂಂ ಎನ್ನುವುದರಲ್ಲಿದ್ದರು. ಅಕ್ಕ ಅಡ್ಡ ಬಂದರು.

"ಊಟದ ತಟ್ಟೆಗೂ ಅಂಚಿರುತ್ತೆ ಸಾರ್. ಮೈಲಿಗಟ್ಟಲೆ ಅಗಲದಲ್ಲಿ ಎರಡಾಳುದ್ದ ತಗ್ಗಿದ್ರೆ ನಡುವೆ ನಿಂತವನಿಗೆ ಹೇಗೆ ಕಾಣುತ್ತೆ? ಚಳಿಗೆ ಅಷ್ಟು ಸಾಕು. ಅಲ್ಲೇ ನೆಡೋಕೆ ಹೇಳಿ."

ಅಲ್ಲೇ ನೆಟ್ಟರು.

ಆಮೇಲೆ ಕಾಯುವುದು. ಅಲ್ಲಿ ಸೂರ್ಯ ಮುಳುಗಿದ, ತಿಂಗಳುಗಳು ಕಳೆದವು, ಚುಕ್ಕೆಗಳು ಒಂದೊಂದಾಗಿ ಬೆಳ್ಳಗಾದವು. ಕಂಬದ ಬ್ಯಾಟರಿ ಚಳಿಗೆ ಸೊರಗಿ ದಿನಕ್ಕೆ ಒಂದೇ ಒಂದು ಅಳತೆ ಕಳಿಸುವ ಹಾಗಾಯಿತು. ನಾನೂ ಅಕ್ಕನೂ ಬೆಳಿಗ್ಗೆ ಹತ್ತಕ್ಕೆ ಸಂದೇಶ ಇಳಿಯುವ ಕೋಣೆಯಲ್ಲಿ ಹಾಜರ್. ಅಚ್ಚ ಬಿಳಿಯ ದಿನ ಬಂದೇ ಬಂತು. ಉಪಗ್ರಹದ ಚಿತ್ರ ಆ ಚುಕ್ಕೆಗೆ ಸೊನ್ನೆಗಿಂತ ತೊಂಬತ್ತೈದು ಕೆಳಗೆ ಎಂದಿತು. ಎಲ್ಲರೂ ಸೇರಿದ್ದರು. ಕಂಬದ ಸಂದೇಶ ಇಳಿಯಿತು. ದೊಡ್ಡ ಸಾಹೇಬರೇ ಓದಿದರು.

"ಎಂಬತ್ತೆಂಟು."

ಏಳು ಡಿಗ್ರಿ ತಪ್ಪು. ಹಿಂದಿನಿಂದ ಯಾರೋ, "ಪಾಪ," ಎಂದರು. ಒಳಗೊಳಗೇ ನನಗೆ ಹಾಯೆನಿಸಿತು, ನನ್ನ ಸಾಲು ಉಳಿಯಿತಲ್ಲ ಎಂದು. ಮರುಕ್ಷಣವೇ ಆ ಹಾಯಿಗೆ ಹೇಸಿಗೆಯಾಯಿತು. ದೊಡ್ಡ ಸಾಹೇಬರು ಕಾಗದ ಮಡಚುತ್ತಿದ್ದರು.

"ಯಾವ ಥರ್ಮಾಮೀಟರಿನದು ಸಾರ್ ಅದು?" ಎಂದರು ಅಕ್ಕ.

"ಕಂಬದ್ದೇ."

"ಕಂಬದಲ್ಲಿ ಎರಡಿವೆ. ಮೇಲೊಂದು, ಆಳೆತ್ತರದಲ್ಲಿ, ಗಾಳಿಯ ಚಳಿ ಅಳೆಯೋದು. ಬುಡದಲ್ಲಿ ಇನ್ನೊಂದು, ಹಿಮದ ಮೈಯನ್ನೇ ನೋಡೋದು. ಯಾವುದು?"

ನಾನು ಸಂದೇಶ ಕಸಿದುಕೊಂಡು ನೋಡಿದೆ. ಮೇಲಿನದು. ಹವಾಮಾನದವರಾದ ನಮಗೆ ಉಷ್ಣತೆ ಎಂದರೆ ಆಳೆತ್ತರದ ಗಾಳಿಯ ಉಷ್ಣತೆ. ಜಗತ್ತಿನ ಎಲ್ಲ ನಿಲ್ದಾಣಗಳಲ್ಲೂ ಅಳೆಯುವುದು ಅದನ್ನೇ, ನಮ್ಮ ಕಣ್ಣು ತಾನಾಗಿ ಆ ಸಾಲಿಗೇ ಹೋಗುತ್ತದೆ. ಉಪಗ್ರಹ ನೋಡುವುದು ಹಿಮದ ಮೈಯನ್ನು. ತೊಟ್ಟಿಯ ಅಂಚಿಗೂ ತಳಕ್ಕೂ ಎಷ್ಟು ಅಂತರವೆಂದು ನನ್ನ ಬೆರಳಿಗೆ ಗೊತ್ತಿತ್ತು, ತಲೆಗೆ ಗೊತ್ತಾಗಬೇಕಿತ್ತು. ಎರಡರ ಅಳತೆಯೂ ದಿನ ಬಿಟ್ಟು ದಿನ ಬರುತ್ತಿತ್ತು, ಬುಡದ್ದರ ಸರದಿ ನಾಳೆ. ಮೋಡ ಬರದೆ ಚುಕ್ಕೆ ಹಾಗೇ ಇರಬೇಕು, ಬ್ಯಾಟರಿ ಸಾಯಬಾರದು.

ಆ ದಿನ ನಾನು ಊಟ ಮಾಡಲಿಲ್ಲ. ಅಕ್ಕ ಎಂದಿನಂತೆ ಡಬ್ಬಿ ತೆಗೆದು, ನಿಧಾನವಾಗಿ ಉಂಡು, ತೊಳೆದು ಇಟ್ಟರು. "ಹೆದರಿಕೆ ಆಗಲ್ವಾ ಅಕ್ಕಾ?" ಎಂದು ಕೇಳಿದೆ.

"ಆಗದೆ ಏನು? ನನ್ನ ಕಣ್ಣು ತಪ್ಪಿದ್ರೆ ಇಪ್ಪತ್ತೆರಡು ವರ್ಷ ನಾನು ಕುರುಡಿಯಾಗಿ ಕೂತಿದ್ದೆ ಅಂತಾಯ್ತು." ಆಮೇಲೆ ಮುಚ್ಚಳ ಬಿಗಿಮಾಡುತ್ತ ಹೇಳಿದರು, "ಆದರೆ ತಪ್ಪಿಲ್ಲ."

ಮರುದಿನ ಹತ್ತು ಗಂಟೆಗೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕನ ಯಜಮಾನರೂ ಸ್ಪ್ಯಾನರ್ ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು, ಏನೋ ಕೂಲರ್ ರಿಪೇರಿಯ ನೆಪ. ಬೆಳಿಗ್ಗೆಯ ಚಿತ್ರದಲ್ಲಿ ಚುಕ್ಕೆ: ತೊಂಬತ್ತೈದು ಪಾಯಿಂಟ್ ಒಂದು. ಸಂದೇಶ ಇಳಿಯಿತು. ಈ ಸಲ ದೊಡ್ಡ ಸಾಹೇಬರು ನನ್ನ ಕೈಗೆ ಕೊಟ್ಟರು. ನಾನು ಮೊದಲು ಯಾವ ಥರ್ಮಾಮೀಟರ್ ಎಂದು ನೋಡಿದೆ. ಬುಡದ್ದು. ಅಂಕಿ ನೋಡಿದೆ. ಇನ್ನೊಮ್ಮೆ ನೋಡಿದೆ.

"ಓದೋ!" ಎಂದು ಯಜಮಾನರು ಕಿರುಚಿದರು.

"ತೊಂಬತ್ತೈದು ಪಾಯಿಂಟ್ ನಾಲ್ಕು!"

ಎದ್ದ ಗದ್ದಲಕ್ಕೆ ಕೆಳಗಿನ ಮಹಡಿಯವರು ಬೆಂಕಿ ಬಿತ್ತೇನೋ ಎಂದು ಓಡಿಬಂದರು. ನೆಲ ಒರೆಸುವಾಕೆ ಅಕ್ಕನನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿಯೇಬಿಟ್ಟಳು. ಯಜಮಾನರು ಸಿಕ್ಕಸಿಕ್ಕವರ ಕೈ ಕುಲುಕುತ್ತ, "ನಮ್ಮ ಮನೆಯವರು, ನಮ್ಮ ಮನೆಯವರು," ಎನ್ನುತ್ತಿದ್ದರು. ನಾನೇ ಎಲ್ಲರಿಗಿಂತ ಜೋರಾಗಿ ಕೂಗಿದೆನಂತೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರು ಎನ್ನಲಿ. ಭೂಮಿಯ ಮೇಲೆ ಇಲ್ಲವೆಂದು ನಾನು ಆಣೆ ಮಾಡಿದ್ದ ನೆಲ ಇತ್ತು, ಅದನ್ನು ಇಪ್ಪತ್ತೆರಡು ವರ್ಷದಿಂದ ಒಬ್ಬ ಹೆಂಗಸು ಪೆನ್ಸಿಲಿನಲ್ಲಿ ತೋರಿಸುತ್ತಿದ್ದಳು. ಅಷ್ಟು ಸಂತೋಷ ನನ್ನ ಸ್ವಂತ ಗೆಲುವುಗಳಲ್ಲೂ ನನಗೆ ಆಗಿಲ್ಲ.

ದೊಡ್ಡ ಸಾಹೇಬರು ಎಲ್ಲರೆದುರೇ ಆದೇಶ ಹರಿದರು. ಹಾಳೆಗಳ ಮೇಲೆ ಪ್ರೋಗ್ರಾಮ್ ಓಡಬೇಕು ನಿಜ, ಆದರೆ ಈಗ ಹಾಳೆ ನೋಡಿ ತಿದ್ದಿಕೊಳ್ಳಬೇಕಾದದ್ದು ಪ್ರೋಗ್ರಾಮ್. ಅಕ್ಕ ಕಿಟಕಿಯ ಪಕ್ಕದ ಮೇಜಿಗೆ ವಾಪಸ್. ನನ್ನ ಕಂಪ್ಯೂಟರನ್ನು ನಾನೇ ಎತ್ತಿ ಗೋಡೆಯ ಕಡೆ ಇಟ್ಟುಕೊಂಡೆ. ಆ ದರಿದ್ರ ಸಾಲನ್ನು ಅಳಿಸಲು ಹೋದಾಗ ಅಕ್ಕ ತಡೆದರು.

"ಅಳಿಸಬೇಡ. ಬೇರೆ ಕಡೆಗೆಲ್ಲ ಅದು ಸರಿಯೇ. ಅದರ ಕೆಳಗೆ ಇನ್ನೊಂದು ಸಾಲು ಬರಿ. ಮೂರು ದಿನ ಕದಲದೇ ಇದ್ರೆ ನೆಲ."

ಬರೆದೆ. ಹನ್ನೆರಡು ಸಾವಿರ ಹಾಳೆಗಳನ್ನು ಹಾಕಿದೆ. ನಾಲ್ಕು ದಿನ ಓಡಿತು. ಐದನೆಯ ದಿನ ಉತ್ತರ ಬಂತು: ಹೊಂದದ ಗುರುತುಗಳು ಹನ್ನೊಂದು. ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದೇ! ಇಡೀ ಕಚೇರಿ ಮೇಜು ಕುಟ್ಟಿತು. ಅಕ್ಕ ಮಾತ್ರ, "ಆ ಹನ್ನೊಂದು ತೆಗಿ, ನೋಡೋಣ," ಎಂದರು.

ಒಂದೊಂದಾಗಿ ತೆಗೆದೆವು, ಹಿಂದಿನ ಮುಂದಿನ ದಿನದ ಚಿತ್ರಗಳ ಜೊತೆ ಮಗುಚಿದೆವು. ಒಂಬತ್ತು ಕಡೆ ತಪ್ಪಿದ್ದು ನನ್ನ ಪ್ರೋಗ್ರಾಮೇ. ಉಳಿದ ಎರಡು ಒಂದೇ ದಿನದವು. ಅಕ್ಕ ತಾರೀಖನ್ನು ಬೆರಳಿನಿಂದ ಮುಟ್ಟಿದರು.

"ಅವತ್ತು ನಮ್ಮ ಯಜಮಾನರಿಗೆ ಆಪರೇಷನ್. ಮೂರು ದಿನದ್ದು ನೋಡೋಷ್ಟು ತಾಳ್ಮೆ ಇರಲಿಲ್ಲ, ಒಂದೇ ಚಿತ್ರ ನೋಡಿ ಇಂಟು ಹಾಕಿ ಆಸ್ಪತ್ರೆಗೆ ಓಡಿದೆ. ಇದು ಮೋಡ."

"ಇರಲಿ ಬಿಡಿಯಮ್ಮ," ಎಂದರು ದೊಡ್ಡ ಸಾಹೇಬರು. "ಹನ್ನೆರಡು ಸಾವಿರದಲ್ಲಿ ಎರಡು. ಯಾರು ಕೇಳ್ತಾರೆ?"

ಅಕ್ಕ ನನ್ನ ಕಡೆ ಕೈಚಾಚಿದರು. ಡ್ರಾಯರಿನಲ್ಲಿ ಹುಡುಕಿ ರಬ್ಬರ್ ಕೊಟ್ಟೆ. ಆ ಎರಡು ಇಂಟುಗಳನ್ನು ಅವರೇ ಉಜ್ಜಿ ಅಳಿಸಿ, ಪುಡಿಯನ್ನು ಊದಿ, ಎರಡಕ್ಕೂ ಮೋಡದ ಸುತ್ತು ಹಾಕಿದರು. ಮಿಕ್ಕ ಗುರುತುಗಳೆಲ್ಲ ಇವತ್ತಿಗೂ ಹಾಗೇ ಇವೆ.